ಗುಪ್ಪಟಿಗೆ ಅಂಗಿ ತೊಡಿಸಿದ ಶಿವಶರಣಪ್ಪ

ತಿಕೋಟಾದ ಸಿಂಪಿಗ ಶಿವಶರಣಪ್ಪನಿಗೆ ಹೊಲಿಗೆ ಬರುತ್ತಿತ್ತು, ‘ಇಲ್ಲ’ ಎನ್ನುವುದು ಬರುತ್ತಿರಲಿಲ್ಲ. ಧೋತರ ಉಟ್ಟವರ ಮುಂದೆ ಹೇಗೋ ಒಂದಿಷ್ಟು ಗೊಣಗುತ್ತಿದ್ದ. ಎದುರಿಗೆ ನಿಂತವರು ಪ್ಯಾಂಟು ಹಾಕಿದ್ದರೆ ಮಾತ್ರ ಅವನ ಬಾಯಿಂದ ‘ಹೌದ್ರಿ’ ಬಿಟ್ಟು ಬೇರೆ ಮಾತು ಹೊರಡುತ್ತಿರಲಿಲ್ಲ. ಒಮ್ಮೆ ರಸ್ತೆ ಅಳೆಯಲು ಬಂದವರೊಬ್ಬರು, “ಈ ಕಟ್ಟೆ ರಸ್ತೆಯ ಜಾಗದಲ್ಲಿದೆ, ಹೌದೋ ಅಲ್ಲವೋ?” ಎಂದು ಕೇಳಿದರು. ಶಿವಶರಣಪ್ಪ “ಹೌದ್ರಿ” ಎಂದ. ಅಜ್ಜ ಕಟ್ಟಿಸಿದ ಕಟ್ಟೆಯ ಅರ್ಧ ಭಾಗ ಅಲ್ಲಿಗೆ ಸರಕಾರಕ್ಕೆ ಸೇರಿತು. ಅಂದಿನಿಂದ ಅವನ ಹೊಲಿಗೆ ಮಿಷನ್ನಿನ ಎರಡು ಕಾಲು ಸ್ವಂತ ಜಾಗದಲ್ಲೂ ಎರಡು ಕಾಲು ಸರಕಾರದ ಜಾಗದಲ್ಲೂ ನಿಂತಿದ್ದವು.

ಆ ಮಿಷನ್ನನ್ನು ಅವನ ಹೆಂಡತಿ ನೀಲಾಬಾಯಿ ಮುಟ್ಟುವಂತಿರಲಿಲ್ಲ. ಹೆಣ್ಣುಮಕ್ಕಳ ಕೈ ತಾಗಿದರೆ ಮಿಷನ್ ದಾರ ಕಡಿಯುತ್ತದೆ ಎಂದು ಅವನ ತಂದೆ ಹೇಳಿದ್ದ, ಅವನು ನಂಬಿದ್ದ. ಊರಿಗೆಲ್ಲ ಗೊತ್ತಿದ್ದ ಸಂಗತಿಯೆಂದರೆ ಗಂಡನಿಗಿಂತ ನೀಲಾಬಾಯಿಯ ಕೈ ನಾಜೂಕು. ಗುಂಡಿಮನೆ ಹೊಲಿಯುವುದು, ಅಂಚು ಮಡಚುವುದು ಎಲ್ಲ ಅವಳದೇ. ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿ, ತಮ್ಮ ಮಹಿಳಾ ಮಂಡಳಕ್ಕೆ ಒಂದು ಹೊಲಿಗೆ ಮಿಷನ್ ಬೇಕೆಂದು ಗ್ರಾಮಸೇವಕ ಹಣಮಂತರಾಯನ ಕೈಯಲ್ಲಿ ಅರ್ಜಿ ಕೊಟ್ಟು ಎರಡು ವರ್ಷವಾಗಿತ್ತು. ಅರ್ಜಿ ತಿಕೋಟಾದಿಂದ ಬಸ್ಸು ಹತ್ತಿದ್ದು ಎಲ್ಲರಿಗೂ ಗೊತ್ತಿತ್ತು. ಎಲ್ಲಿ ಇಳಿಯಿತು ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಕನ್ನಡದ ಊರುಗಳೆಲ್ಲ ಒಂದು ರಾಜ್ಯವಾಗಿ ನಾಲ್ಕೈದು ವರ್ಷವಾಗಿದ್ದ ಕಾಲ ಅದು. ಶಿವಶರಣಪ್ಪ ಚಿಕ್ಕಪ್ಪನ ಮಗನ ಮದುವೆಗೆಂದು ಪುಣೆಗೆ ಹೋದ. ಅಲ್ಲಿಯ ತರಕಾರಿ ಮಾರುಕಟ್ಟೆಯ ಬಾಗಿಲಲ್ಲಿ ಒಬ್ಬ ಮುದುಕಿ ಬುಟ್ಟಿಯಲ್ಲಿ ಒಂದು ಹಣ್ಣು ಮಾರುತ್ತಿದ್ದಳು. ಒಣಗಿದ ತೆಳು ಕಾಗದದಂಥ ಹೊದಿಕೆ. ಬಿಡಿಸಿದರೆ ಒಳಗೆ ಬಂಗಾರದ ಬಣ್ಣದ ಗೋಲಿ. ಬಾಯಿಗೆ ಹಾಕಿದರೆ ಮೊದಲು ಹುಳಿ, ಆಮೇಲೆ ಸಿಹಿ, ಕಡೆಗೆ ಮತ್ತೆ ಹುಳಿ. ಹೆಸರು ಕೇಳಿದ. “ರಸಭರಿ” ಎಂದಳು. ಮದುವೆಯ ಊಟದ ನೆನಪು ಹೋಯಿತು, ರಸಭರಿಯ ನೆನಪು ಉಳಿಯಿತು. ನಾಲ್ಕು ಹಣ್ಣು ಹಿಚುಕಿ, ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಒಣಗಿಸಿ, ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಊರಿಗೆ ತಂದ.

ಮೊದಲ ಮಳೆಗೆ ಒಡೆದ ಗಡಿಗೆಯಲ್ಲಿ ಬೀಜ ಉದುರಿಸಿದ. ಸಸಿ ಗೇಣುದ್ದವಾದ ಮೇಲೆ ಹಿತ್ತಲಲ್ಲಿ ಎರಡೆರಡು ಮೊಳಕ್ಕೆ ಒಂದರಂತೆ ನೆಟ್ಟ. ಬಚ್ಚಲ ನೀರು ತಿರುಗಿಸಿದ. ಗಿಡಗಳು ಸೊಂಟದೆತ್ತರ ಬೆಳೆದು, ಹಳದಿ ಹೂ ಬಿಟ್ಟು, ದೀಪಾವಳಿಯ ಹೊತ್ತಿಗೆ ಕೊಂಬೆಕೊಂಬೆಗೂ ಹಸಿರು ಬುರುಡೆಗಳನ್ನು ಜೋತುಬಿಟ್ಟವು. ಶಿವಶರಣಪ್ಪ ಗಿರಾಕಿಗಳ ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡೇ “ಪುಣೆ ರಸಭರಿ ನೋಡ್ಯೀರೇನು?” ಎಂದು ಕೇಳಿ, ಅವರನ್ನು ಹಾಗೆಯೇ ಪಟ್ಟಿಯ ಸಮೇತ ಹಿತ್ತಲಿಗೆ ಕರೆದೊಯ್ಯುತ್ತಿದ್ದ.

ನೋಡಿದವರಿಗೆ ಒಂದೇ ಮಾತು ಹೊಳೆಯುತ್ತಿತ್ತು. ಅದನ್ನು ಮೊದಲು ಬಾಯಿಬಿಟ್ಟು ಹೇಳಿದವಳು, ಅವನ ಮನೆಯಲ್ಲೇ ಇದ್ದ ಸೋದರತ್ತೆ ಶಂಕ್ರೆವ್ವ.

“ಲೇ ಶರಣ್ಯಾ, ಇದು ಗುಪ್ಪಟಿ ಅಲ್ಲೇನೋ?”

ಜೋಳದ ಹೊಲದ ಬದುವಿನಲ್ಲಿ ಯಾರೂ ಬಿತ್ತದೆ ಹುಟ್ಟುವ, ಕುರಿ ಕಾಯುವವರು ಕಿತ್ತು ತಿಂದು ಸಿಪ್ಪೆ ಪಟ್ ಎಂದು ಹಣೆಗೆ ಒಡೆದುಕೊಳ್ಳುವ ಆ ಗುಪ್ಪಟಿ.

“ಅತ್ತಿ, ಗುಪ್ಪಟಿ ಬ್ಯಾರೆ, ರಸಭರಿ ಬ್ಯಾರೆ. ಇದು ಪುಣೆದು.”

“ಪುಣೆಕ್ಕ ಹೋಗಿ ಬಂದ್ರ ಗುಪ್ಪಟಿ ರಸಭರಿ ಆಕ್ಕೈತೇನು? ನೀನೂ ಹೋಗಿ ಬಂದಿ. ಏನಾಗೀದಿ?”

ಈ ಮಾತು ಓಣಿಯ ತುದಿಯಲ್ಲಿದ್ದ ಗೈಬುಸಾಬನ ಚಹಾದಂಗಡಿಗೆ ಆ ಸಂಜೆಯೇ ತಲುಪಿತು. ಮರುದಿನದಿಂದ ಅಂಗಿ ಹೊಲಿಸಲು ಬಂದವರೆಲ್ಲ, “ಗುಪ್ಪಟಿ ಹೆಂಗದಾವ್ರಿ?” ಎಂದು ಯೋಗಕ್ಷೇಮ ವಿಚಾರಿಸತೊಡಗಿದರು. ಶಿವಶರಣಪ್ಪನ ಮನಸ್ಸಿಗೆ ಬಹಳ ನೋವಾಯಿತು. ಹಣ್ಣು ದೊಡ್ಡದು, ರುಚಿ ಬೇರೆ, ಗಿಡ ಬೇರೆ ಎಂದು ಎಷ್ಟು ಹೇಳಿದರೂ ಹೊದಿಕೆ ಒಂದೇ ಅಲ್ಲವೇ ಎಂದು ಅವರು ಹೇಳುತ್ತಿದ್ದರು. ಹೊದಿಕೆ ನೋಡಿ ಮನುಷ್ಯರಿಗೆ ಬೆಲೆ ಕೊಡುವ ಕಸುಬಿನವನು ತಲೆ ತಗ್ಗಿಸಿ ಅಳತೆಪಟ್ಟಿ ಸುತ್ತಿಡುತ್ತಿದ್ದ.

ಎಳ್ಳ ಅಮಾವಾಸ್ಯೆಗೆ ಹಣ್ಣುಗಳು ಪಕ್ವವಾಗಿ ತಾವಾಗಿಯೇ ಉದುರತೊಡಗಿದವು. ಅವುಗಳ ಜೊತೆಗೇ ಓಣಿಯ ಆಡುಗಳೂ ಬರತೊಡಗಿದವು. ನೀಲಾಬಾಯಿ, ಶಂಕ್ರೆವ್ವ, ಗೈಬುಸಾಬನ ಹೆಂಡತಿ ದಾವಲಬಿ ಮೂವರೂ ಸರದಿಯ ಮೇಲೆ ಕೋಲು ಹಿಡಿದು ಗಿಡಗಳನ್ನು ಸುತ್ತಿ ಸುತ್ತಿ ಆಡು ಅಟ್ಟಿದರು. ಉಳಿದ ಹಣ್ಣನ್ನು ನೀಲಾಬಾಯಿ ಹಸಿಮೆಣಸಿನಕಾಯಿ, ಬೆಲ್ಲ, ಉಪ್ಪು ಹಾಕಿ ಕುದಿಸಿ ಚಟ್ನಿ ಮಾಡಿದಳು. ರೊಟ್ಟಿಗೆ ಹಚ್ಚಿಕೊಂಡು ತಿಂದ ಶಂಕ್ರೆವ್ವ, “ಗುಪ್ಪಟಿ ಚಲೋ ಆಗೈತಿ” ಎಂದು ಇನ್ನೊಂದು ರೊಟ್ಟಿ ಕೇಳಿದಳು. ಹೊಗಳಿಕೆಯೂ ಗುಪ್ಪಟಿಗೇ ಹೋಯಿತು.

ಆಗ ವಿಜಾಪುರದಲ್ಲಿ ಬೆಳೆ ಮತ್ತು ಗೃಹ ಕೈಗಾರಿಕೆಗಳ ಪ್ರದರ್ಶನ ನಡೆಯುವುದಿತ್ತು. ಶಿವಶರಣಪ್ಪ ಹಣಮಂತರಾಯನನ್ನು ಹಿಡಿದು, ಒಂದು ಬುಟ್ಟಿ ರಸಭರಿ ತೆಗೆದುಕೊಂಡು ಬಸ್ಸು ಹತ್ತಿದ. ಒಬ್ಬ ದೊಡ್ಡ ಮನುಷ್ಯನ ಬಾಯಿಂದ ‘ಇದು ರಸಭರಿ’ ಎನ್ನಿಸಿಕೊಂಡು ಬಂದರೆ ಸಾಕು, ಅದಕ್ಕಿಂತ ಹೆಚ್ಚಿನ ಆಸೆ ಅವನಿಗಿರಲಿಲ್ಲ.

ಹಣ್ಣಿನ ಮೇಜಿನ ಮೇಲೆ ದ್ರಾಕ್ಷಿ, ಲಿಂಬೆ, ದಾಳಿಂಬೆ ತುಂಬಿ ಜಾಗ ಉಳಿದಿರಲಿಲ್ಲ. ಹಣಮಂತರಾಯ ಅತ್ತ ಇತ್ತ ನೋಡಿ, ಬುಟ್ಟಿಯನ್ನು ಪಕ್ಕದ ಮೇಜಿನ ತುದಿಗೆ ಇಟ್ಟ. ಆ ಮೇಜಿನ ಮೇಲೆ ಈಚಲ ಚಾಪೆ, ಹುಲ್ಲಿನ ಬುಟ್ಟಿ, ಕಸೂತಿ ಕುಬುಸಗಳಿದ್ದವು.

ಹನ್ನೊಂದು ಗಂಟೆಗೆ ಬೆಂಗಳೂರಿನಿಂದ ಬಂದ ಚನ್ನಕೇಶವಯ್ಯ ಎಂಬ ಸಾಹೇಬರು ಆ ಮೇಜಿನ ಮುಂದೆ ಬಂದರು. ಯಾವ ಖಾತೆಯ ಸಾಹೇಬರು ಎಂಬುದು ಕೊನೆಗೂ ಯಾರಿಗೂ ತಿಳಿಯಲಿಲ್ಲ. ಪ್ಯಾಂಟಿನ ಮೇಲೆ ಕೋಟು, ಕೋಟಿನ ಒಳಗೆ ಟೈ ಇದ್ದುದರಿಂದ ಯಾರೂ ಕೇಳಲಿಲ್ಲ. ಬಹಳ ಸಜ್ಜನರು. ಪ್ರಶ್ನೆ ಕೇಳುವುದರಲ್ಲಿ ಅವರಿಗೆ ತುಂಬ ಆಸಕ್ತಿ, ಉತ್ತರದಲ್ಲಿ ಅಷ್ಟಿರಲಿಲ್ಲ. ಅವರು ಒಂದು ರಸಭರಿ ಎತ್ತಿ ಕನ್ನಡಕದ ಹತ್ತಿರ ಹಿಡಿದರು.

“ಭಲೇ! ಏನ್ರೀ ಇದು? ಒಂದೊಂದು ಹಣ್ಣಿಗೂ ಒಂದೊಂದು ಕಾಗದ! ಎಷ್ಟು ನಾಜೂಕು! ಇದನ್ನೆಲ್ಲ ಯಾರು ಸುತ್ತುತ್ತಾರೆ?”

ಶಿವಶರಣಪ್ಪನ ಕಿವಿಗೆ ‘ಸುತ್ತುತ್ತಾರೆ’ ಎಂಬುದೊಂದೇ ಸರಿಯಾಗಿ ಬಿತ್ತು. ಆಡು ಅಟ್ಟಲು ಗಿಡ ಸುತ್ತುವ ವಿಷಯ ಬೆಂಗಳೂರಿನವರೆಗೆ ಹೇಗೆ ಹೋಯಿತೆಂದು ಬೆರಗಾದ.

“ನಮ್ಮ ಮನಿ ಹೆಣ್ಮಕ್ಕಳು ಸುತ್ತತಾರ್ರಿ ಸಾಹೇಬ್ರ. ನನ್ನ ಹೆಂಡತಿ, ನಮ್ಮ ಅತ್ತಿ. ಬಾಜೂ ಮನಿ ದಾವಲಬಿನೂ ಸುತ್ತತಾಳ್ರಿ.”

“ಓಹೋ! ಎಲ್ಲ ಜಾತಿಯವರೂ ಸೇರಿ! ದಿನಕ್ಕೆ ಎಷ್ಟು ಸುತ್ತುತ್ತಾರೆ?”

“ಲೆಕ್ಕ ಎಲ್ಲೈತ್ರಿ? ಬೆಳಗಾದ್ರ ಸುತ್ತೋದ ಕೆಲಸರಿ.”

“ಸುತ್ತದಿದ್ದರೆ ಹಣ್ಣು ಕೆಡುತ್ತೋ?”

“ಒಂದೂ ಉಳಿಯಂಗಿಲ್ರಿ.”

ಸಾಹೇಬರು ಹೊದಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಅಂಟಿಲ್ಲ! ದಾರವಿಲ್ಲ! ಮಡಿಕೆ ಎಲ್ಲಿ ಮುಗಿಯಿತು ಅನ್ನೋದೇ ಕಾಣೋದಿಲ್ಲ! ಅಲ್ಲಯ್ಯಾ, ನಿಮ್ಮ ಕಸುಬೇನು?”

“ಹೊಲಿಗಿರಿ. ನಾ ಸಿಂಪಿಗರಿ.”

“ಅದಕ್ಕೇ ಮತ್ತೆ!” ಎಂದು ಸಾಹೇಬರು ಅವನ ಬೆನ್ನು ತಟ್ಟಿದರು.

ಬೆನ್ನು ತಟ್ಟಿದ ಮೇಲೆ ಉಳಿದದ್ದು ಒಂದೇ ಮಾತು. “ಹೌದ್ರಿ,” ಎಂದ ಶಿವಶರಣಪ್ಪ.

ಹಿಂದೆ ನಿಂತಿದ್ದ ಹಣಮಂತರಾಯನಿಗೆ ಏನಾಗುತ್ತಿದೆ ಎಂಬುದು ತಿಳಿಯಿತು. ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಸಾಹೇಬರ ಗುಮಾಸ್ತ ಎಲ್ಲವನ್ನೂ ಬರೆದುಕೊಂಡಾಗಿತ್ತು. ಸರಕಾರ ಬರೆದುಕೊಂಡದ್ದನ್ನು ಅಳಿಸುವಷ್ಟು ದೊಡ್ಡ ನೌಕರಿ ಅವನದಲ್ಲ. ಬಾಯಿ ಮುಚ್ಚಿಕೊಂಡ. ಸಾಹೇಬರು ಎರಡು ಹಣ್ಣು ಕೋಟಿನ ಜೇಬಿಗೆ ಹಾಕಿಕೊಂಡು ಮುಂದೆ ನಡೆದರು.

ಸಂಜೆ ಶಿವಶರಣಪ್ಪನ ಹೆಸರು ಕೂಗಿ, ಶಾಲು ಹೊದಿಸಿ, ಪ್ರಶಸ್ತಿ ಪತ್ರ ಕೊಟ್ಟರು. ಅದನ್ನು ಅವನು ಓದಲಿಲ್ಲ. ಓದಿದರೆ ಹಳತಾಗುತ್ತದೆ ಎಂಬಂತೆ ಶಾಲಿನಲ್ಲಿ ಸುತ್ತಿ ತಂದ. ತಿಕೋಟಾದಲ್ಲಿ ಬಸ್ಸು ಇಳಿದವನು ನೇರವಾಗಿ ಗೈಬುಸಾಬನ ಅಂಗಡಿಗೆ ಹೋಗಿ, ಹತ್ತು ಜನರ ನಡುವೆ ನಿಂತು, ಗಂಟಲು ಸರಿಮಾಡಿಕೊಂಡು ಓದಿದ:

“ಹಣ್ಣುಗಳಿಗೆ ಕೈಯಿಂದ ಕಾಗದದ ಹೊದಿಕೆ ಸುತ್ತುವ ಗೃಹ ಕೈಗಾರಿಕೆಯಲ್ಲಿ, ತಿಕೋಟಾದ ಶ್ರೀ ಶಿವಶರಣಪ್ಪ ಸಿಂಪಿ, ಪ್ರಥಮ.”

ಗೈಬುಸಾಬ ಚಹಾ ಸೋಸುತ್ತಿದ್ದ ಅರಿವೆಯನ್ನು ಕೆಳಗಿಟ್ಟ.

“ಶರಣಪ್ಪ, ಇನ್ನೊಮ್ಮೆ ಓದು.”

ಇನ್ನೊಮ್ಮೆ ಓದುವಾಗ ಅವನಿಗೇ ಅರ್ಥವಾಗಿ ದನಿ ಇಳಿದುಹೋಯಿತು. ಗೈಬುಸಾಬ ಬೆಂಚಿನ ಮೇಲೆ ಕುಳಿತು, ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳಿದ: “ಯಾ ಅಲ್ಲಾ! ಇಷ್ಟ ದಿನ ಹೊಲದಾಗಿನ ಗುಪ್ಪಟಿಗೆಲ್ಲಾ ಅಂಗಿ ಹೊಲದಾಂವ ನೀನ ಏನೋ?”

ಮೂರು ದಿನ ಶಿವಶರಣಪ್ಪ ಅಂಗಡಿ ತೆರೆಯಲಿಲ್ಲ. ಜನ ಮರೆಯುತ್ತಾರೆ ಎಂದುಕೊಂಡಿದ್ದ. ಮರೆಯುತ್ತಿದ್ದರೋ ಏನೋ. ಆದರೆ ಇಪ್ಪತ್ತೈದು ದಿನಕ್ಕೆ ಹಣಮಂತರಾಯ ಬೆವರೊರೆಸಿಕೊಳ್ಳುತ್ತ ಒಂದು ಕಾಗದ ತಂದ. ನೀಲಾಬಾಯಿ ಬಾಗಿಲ ಮರೆಯಲ್ಲಿ ನಿಂತು ಕೇಳಿದಳು. ಸಾಹೇಬರು ಬರೆದಿದ್ದರು: ಕೋಟಿನ ಜೇಬಿನಲ್ಲಿ ಮರೆತುಹೋಗಿದ್ದ ಎರಡು ಹಣ್ಣು ಇಪ್ಪತ್ತು ದಿನ ಕಳೆದರೂ ಕೆಟ್ಟಿಲ್ಲ. ಇದು ನಿಮ್ಮ ಹೆಣ್ಣುಮಕ್ಕಳ ಸುತ್ತುವಿಕೆಯ ಮಹಿಮೆ. ತಿಕೋಟಾದ ಮಹಿಳಾ ಮಂಡಳ ಹೊಲಿಗೆ ಯಂತ್ರ ಕೇಳಿ ಹಾಕಿದ್ದ ಹಳೆಯ ಅರ್ಜಿಯನ್ನು ಈಗ ಹುಡುಕಿಸಿದ್ದೇನೆ. ಯಂತ್ರ ಯಾತಕ್ಕೆ ಬೇಕೆಂದು ಆಗ ಯಾರಿಗೂ ತಿಳಿದಿರಲಿಲ್ಲ, ಈಗ ತಿಳಿಯಿತು. ಬರುವ ಗುರುವಾರ ಬಂದು ಕೆಲಸವನ್ನು ಕಣ್ಣಾರೆ ನೋಡಿ, ಎರಡು ಯಂತ್ರ ಮಂಜೂರು ಮಾಡುತ್ತೇನೆ.

“ಎರಡು!” ಎಂಬ ದನಿ ಬಾಗಿಲ ಮರೆಯಿಂದ ಬಂತು.

“ಶರಣಪ್ಪಾರ,” ಎಂದ ಹಣಮಂತರಾಯ, “ಒಂದ ತಾಸಿನ ಮಾತು. ಸಾಹೇಬ್ರ ಮುಂದ ಹೆಣ್ಮಕ್ಕಳು ಸುತ್ತಿದಂಗ ಮಾಡಿಬಿಡ್ಲಿ. ಇಲ್ಲಾಂದ್ರ ಅಷ್ಟು ದೊಡ್ಡ ಮನುಷ್ಯಾಗ ಗುಪ್ಪಟಿ ಗೊತ್ತಿಲ್ಲಾ ಅಂತ ಹೇಳಾಂವ ಯಾರು? ನಾ ಹೇಳಿದ್ರ ನನ್ನ ನೌಕರಿ ಉಳೀತೈತೇನು?”

ಬುಧವಾರ ಮುಂಜಾನೆ ಜಮಖಾನೆ ಹಾಸಿ ತಾಲೀಮು ಶುರುವಾಯಿತು. ಹಣ್ಣಿನ ಹೊದಿಕೆ ಬಿಚ್ಚುವುದು, ಮತ್ತೆ ಅದರೊಳಗೆ ಹಣ್ಣು ಕೂಡಿಸುವುದು. ಬಿಚ್ಚುವವರೆಗೆ ಎಲ್ಲರೂ ಜಾಣೆಯರೇ. ದಾವಲಬಿ ಅರ್ಧ ತಾಸು ಹೆಣಗಿ, “ಯವ್ವಾ, ಇದು ಹೊರಗ ಬರತೈತಿ, ಒಳಗ ಹೋಗವಲ್ದು” ಎಂದಳು. ಗೈಬುಸಾಬ ಮೈದಾಹಿಟ್ಟಿನ ಅಂಟು ಕಾಯಿಸಿ ತಂದುಕೊಟ್ಟ. ಹೊದಿಕೆ ಬೆರಳಿಗೆ ಅಂಟಿತೇ ಹೊರತು ಹಣ್ಣಿಗೆ ಅಂಟಲಿಲ್ಲ. ಶಂಕ್ರೆವ್ವ ಬಿಚ್ಚಿದ ಒಂದೊಂದು ಹಣ್ಣನ್ನೂ ಬಾಯಿಗೆ ಹಾಕಿಕೊಂಡು, “ನಂದು ಸುತ್ತೋದ ಬಂದಿಲ್ಲ” ಎಂದು ಮುಂದಿನದಕ್ಕೆ ಕೈಹಾಕುತ್ತಿದ್ದಳು. ನೀಲಾಬಾಯಿ ಒಬ್ಬಳೇ ಸೂಜಿ ಹಿಡಿದು ಒಂದು ಹಣ್ಣಿನ ಹೊದಿಕೆಗೆ ಸಣ್ಣ ಸಣ್ಣ ಹೊಲಿಗೆ ಹಾಕಿ ಮುಚ್ಚಿದಳು. ಮುಗಿದ ಮೇಲೆ ಅದು ದವಾಖಾನೆಯಲ್ಲಿ ಆಪರೇಶನ್ ಮುಗಿಸಿ ಹೊರಬಂದ ಹಣ್ಣಿನಂತೆ ಕಂಡಿತು.

ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿ, ಕೆಳಗಿಟ್ಟಳು.

“ಸಾಕ್ರಿ. ಇದ್ದದ್ದ ಇದ್ದಂಗ ಹೇಳಿಬಿಡ್ರಿ.”

“ಮತ್ತ ನಿನ್ನ ಮಿಷನ್?” ಎಂದ ಶಿವಶರಣಪ್ಪ.

“ಮಿಷನ್ ನನಗ ಬೇಕರಿ. ನಿಮಗ ಗೊತ್ತಿಲ್ಲ, ಎಷ್ಟ ಬೇಕಂತ. ನೀವು ಉಣ್ಣಾಕ ಕುಂತಾಗ ನಾ ದೂರಿಂದ ಅದರ ಚಕ್ರ ನೋಡಿಕೋಂತ ನಿಂದರ್ತೇನಿ. ಆದ್ರ ಗುಪ್ಪಟಿಗೆ ಸುಳ್ಳ ಹೊಲಿಗಿ ಹಾಕಿ ಬಂದ ಮಿಷನ್ ಮ್ಯಾಲ ಖರೆ ಕುಬಸ ಹೊಲಿಯಾಕ ನನ್ನ ಕೈ ಬರಂಗಿಲ್ಲ.”

ಶಿವಶರಣಪ್ಪ ಅವಳ ಮುಖ ನೋಡಿದ. ಅವಳು ಚಕ್ರ ನೋಡುತ್ತ ನಿಲ್ಲುವ ಸಂಗತಿ ಇಷ್ಟು ವರ್ಷದಲ್ಲಿ ಅವನಿಗೆ ಗೊತ್ತೇ ಇರಲಿಲ್ಲ. ನಾಚಿಕೆಯಾಯಿತು. ಎದ್ದು ಅಂಗಡಿಗೆ ಹೋಗಿ, ಗಿರಾಕಿಯೊಬ್ಬನ ಪ್ಯಾಂಟನ್ನು ಗೂಟಕ್ಕೆ ತೂಗುಹಾಕಿ, ಅದರ ಎದುರು ಕೈಕಟ್ಟಿ ನಿಂತ. “ಇಲ್ರಿ,” ಎಂದ. ದನಿ ಸಾಲಲಿಲ್ಲ. “ಇಲ್ರಿ ಸಾಹೇಬ್ರ,” ಎಂದ. ಸಂಜೆಯವರೆಗೆ ಆ ಪ್ಯಾಂಟಿಗೆ ನೂರು ಸಲ ಇಲ್ಲ ಎಂದು, ಸ್ವಲ್ಪ ಧೈರ್ಯ ತಂದುಕೊಂಡ.

ಇತ್ತ ಸುದ್ದಿ ಬಸ್ಸು ಹತ್ತಿತ್ತು. ತಿಕೋಟಾ ಬಿಡುವಾಗ, ಶಿವಶರಣಪ್ಪ ಗುಪ್ಪಟಿಗೆ ಹೊದಿಕೆ ಸುತ್ತುತ್ತಾನಂತೆ ಎಂದಿತ್ತು. ವಿಜಾಪುರದಲ್ಲಿ ಬಸ್ಸು ಬದಲಿಸುವಾಗ, ಗುಪ್ಪಟಿಗೆ ಅಂಗಿ ಹೊಲಿಯುತ್ತಾನಂತೆ ಎಂದಾಯಿತು. ಅವನ ಮಾವನ ಊರಾದ ಬಬಲೇಶ್ವರಕ್ಕೆ ಇಳಿಯುವ ಹೊತ್ತಿಗೆ, ಅಂಗಿಗೆ ಕಾಲರೂ ಗುಂಡಿಗಳೂ ಬಂದಿದ್ದವು. ಅತ್ತೆ ರಾಚವ್ವ ಅಳತೊಡಗಿದಳು. ಮಾವ ಬಸಗೊಂಡಪ್ಪ ಸಂತೆಯ ನಡುವಿನಿಂದಲೇ ಎದ್ದು, ಮಗಳನ್ನು ಕರೆದುಕೊಂಡು ಬರುತ್ತೇನೆಂದು ಹೊರಟ.

ಗುರುವಾರ ಹತ್ತು ಗಂಟೆಗೆ ಜೀಪು ಬಂತು. ಸಾಹೇಬರು ಅರ್ಧ ಸರಕಾರದ್ದಾದ ಕಟ್ಟೆಯನ್ನು ಹತ್ತಿ ಕುರ್ಚಿಯಲ್ಲಿ ಕುಳಿತರು. ಓಣಿಯೆಲ್ಲ ಸೇರಿತ್ತು. ಹಣಮಂತರಾಯ ಕಣ್ಣು ಮುಚ್ಚಿಕೊಂಡಿದ್ದ.

“ಎಲ್ಲಿ, ಸುತ್ತುವುದನ್ನು ತೋರಿಸಿ,” ಎಂದರು ಸಾಹೇಬರು.

ಶಿವಶರಣಪ್ಪ ಅವರ ಮುಖ ನೋಡಲಿಲ್ಲ. ಪ್ಯಾಂಟನ್ನೇ ನೋಡುತ್ತ, “ಇಲ್ರಿ ಸಾಹೇಬ್ರ. ಇದನ್ನ ನಾವು ಸುತ್ತಿಲ್ರಿ,” ಎಂದ.

ಅವನ ಬಾಯಿಂದ ‘ಇಲ್ಲ’ ಬಂದುದನ್ನು ಕಿವಿಯಾರೆ ಕೇಳಿದವರು ಮುಂದೆ ಎಷ್ಟೋ ದಿನ ಆ ಮಾತು ಆಡಿಕೊಂಡರು.

“ಮತ್ತೆ ಯಾರು ಸುತ್ತಿದ್ದು?” ಎಂದರು ಸಾಹೇಬರು.

ಪ್ಯಾಂಟು ನಿನ್ನೆ ಈ ಪ್ರಶ್ನೆ ಕೇಳಿರಲಿಲ್ಲ. ಶಿವಶರಣಪ್ಪ ತಡವರಿಸಿ, ಆಕಾಶಕ್ಕೆ ಕೈತೋರಿಸಿ, “ದೇವರು ಸುತ್ಯಾನ್ರಿ,” ಎಂದ.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. “ಬರೆದುಕೊಳ್ರೀ,” ಎಂದರು ಗುಮಾಸ್ತನಿಗೆ. “ಒಂದು ಪೊರಕೆ ಕಟ್ಟಿದವರು ನನ್ನಂಥವರು ಯಾರೂ ಇಲ್ಲ ಅಂತಾರೆ. ಇಲ್ಲಿ ನೋಡಿ, ಇಷ್ಟು ದೊಡ್ಡ ಕೆಲಸ ಮಾಡಿ ಎಲ್ಲ ದೇವರದು ಅಂತಿದ್ದಾರೆ. ಏನು ವಿನಯ!”

ಕೆಲಸ ಕೆಟ್ಟಿತೆಂದು ನೀಲಾಬಾಯಿಯೇ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. “ಹಂಗಲ್ರಿ ಸಾಹೇಬ್ರ, ಇದು ತಾನಾಗೇ ಬರತೈತ್ರಿ.”

“ತಾನಾಗೇ ಬರುತ್ತೆ! ಯಾರೂ ಕಲಿಸಿಲ್ಲ! ಅದನ್ನೂ ಬರೆದುಕೊಳ್ಳಿ.”

ಶಂಕ್ರೆವ್ವನಿಗೆ ತಾಳ್ಮೆ ಹೋಯಿತು. “ಏ ಯಪ್ಪಾ! ನಿನಗ ಹೆಂಗ ಹೇಳೂದೋ? ಹುಟ್ಟಿದಾಗಿಂದ ಹಿಂಗ ಐತಿ ಇದು!”

“ಅಜ್ಜಿ ಏನಂದರು?” ಎಂದು ಸಾಹೇಬರು ಹಣಮಂತರಾಯನನ್ನು ಕೇಳಿದರು.

ಹಣಮಂತರಾಯ ಪ್ರಾಮಾಣಿಕವಾಗಿ, “ಹುಟ್ಟಿದಾಗಿನಿಂದ ಹೀಗೇ ಅಂತಾರೆ, ಸರ್,” ಎಂದ.

“ವಂಶಪಾರಂಪರ್ಯ!” ಎಂದು ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು.

ಇದೇ ಹೊತ್ತಿಗೆ ಬಸಗೊಂಡಪ್ಪ ಜನರನ್ನು ಸರಿಸಿಕೊಂಡು ಬಂದ. ಮಾತಿನಲ್ಲಿ ಒರಟ, ಸುಳ್ಳಿನಲ್ಲಿ ಬಡವ. ಬರುತ್ತಲೇ, “ಅಳಿಯಾರ, ಏನ ಕೇಳಾಕತ್ತೇನಿ ನಾ ಬಬಲೇಶ್ವರದಾಗ? ಗುಪ್ಪಟಿಗೆ ಅಂಗಿ ಹೊಲ್ಯಾಕತ್ತೀರೇನು?” ಎಂದ.

“ಅದನ್ನೇ ನೋಡೋಕೆ ಬಂದಿದ್ದೀನಿ,” ಎಂದರು ಸಾಹೇಬರು ಸಂತೋಷದಿಂದ.

ಬಸಗೊಂಡಪ್ಪ ಅವರನ್ನು ಮೇಲಿನಿಂದ ಕೆಳಗೆ ನೋಡಿದ. ಪ್ಯಾಂಟಿಗೆ ಅಂಜುವ ಗುಣ ಅವನಲ್ಲಿರಲಿಲ್ಲ. “ಬರ್ರಿ ನನ್ನ ಜೋಡಿ,” ಎಂದು ಸಾಹೇಬರ ಮುಂಗೈ ಹಿಡಿದು ಮನೆಯೊಳಗಿನಿಂದ ಹಿತ್ತಲಿಗೆ ಎಳೆದೊಯ್ದ. ಹಿಂದೆ ಓಣಿಯೆಲ್ಲ ನುಗ್ಗಿತು. ಬಸಗೊಂಡಪ್ಪ ಒಂದು ಗಿಡದ ಕೊಂಬೆಯನ್ನು ಎತ್ತಿ ಸಾಹೇಬರ ಮೂಗಿನ ಕೆಳಗೆ ಹಿಡಿದ. ಕೊಂಬೆಯ ತುಂಬ ಹೊದಿಕೆ ಹೊದ್ದ ಹಣ್ಣುಗಳು ಜೋತಾಡುತ್ತಿದ್ದವು.

“ನೋಡ್ರಿ! ಕಣ್ಣ ತೆರದ ನೋಡ್ರಿ! ಇದು ಎಲ್ಲೈತಿ?”

“ಗಿಡದಲ್ಲಿ,” ಎಂದರು ಸಾಹೇಬರು.

“ಗಿಡದಾಗ ಐತಿ! ಇದಕ ಹೊದಿಕಿ ಯಾವಾಗ ಬಂತು?”

ಸಾಹೇಬರು ಕೊಂಬೆ ನೋಡಿದರು. ಪಕ್ಕದ ಗಿಡ ನೋಡಿದರು. ಬಗ್ಗಿ ಎಲೆಯ ಕೆಳಗೆ ನೋಡಿದರು. ಎಲ್ಲ ಕಡೆ ಹೊದಿಕೆಗಳೇ. ನಿಧಾನವಾಗಿ ಅವರ ಮುಖ ಅರಳಿತು. ಸಾಹೇಬರಿಗೆ ಈಗ ತಿಳಿಯಿತು ಎಂದು ಹಣಮಂತರಾಯ ಗೋಡೆ ಹಿಡಿದುಕೊಂಡ.

“ಗಿಡದಲ್ಲಿರುವಾಗಲೇ ಸುತ್ತಿಬಿಡುತ್ತೀರಾ!” ಎಂದು ಸಾಹೇಬರು ಉದ್ಗರಿಸಿದರು. “ಹೀಗೆ ಬಗ್ಗಿ ಬಗ್ಗಿ, ಒಂದನ್ನೂ ಬಿಡದೆ! ಅದೂ ಕಾಯಿಗೆ ಹಸಿರು ಕಾಗದ, ಹಣ್ಣಿಗೆ ಹಳದಿ ಕಾಗದ!”

ಬಸಗೊಂಡಪ್ಪ ಕೊಂಬೆಯನ್ನು ಮೆಲ್ಲಗೆ ಬಿಟ್ಟು, ಅಳಿಯನ ಹತ್ತಿರ ಬಂದು, ದನಿ ಇಳಿಸಿ ಹೇಳಿದ: “ತಪ್ಪಾತ್ರಿ ಅಳಿಯಾರ. ತಲಿ ಕೆಟ್ಟಿದ್ದು ನಿಮಗ ಅಂತ ತಿಳದು ಬಂದಿದ್ನಿ.”

ಊಟಕ್ಕೆ ನೀಲಾಬಾಯಿ ಜೋಳದ ರೊಟ್ಟಿ, ರಸಭರಿ ಚಟ್ನಿ ಬಡಿಸಿದಳು. ಸಾಹೇಬರು ಮೂರು ರೊಟ್ಟಿ ತಿಂದು, ಬೆರಳು ಚೀಪಿ, ಅಲ್ಲಿಯೇ ಹೇಳಿ ಬರೆಸಿದರು: ತಿಕೋಟಾದಲ್ಲಿ ಹಣ್ಣು ಸುತ್ತುವ ತರಬೇತಿ ಕೇಂದ್ರ, ಎರಡು ಹೊಲಿಗೆ ಯಂತ್ರ, ಅರಕೇರಿ, ಬಬಲೇಶ್ವರಗಳಿಂದ ಹನ್ನೆರಡು ಹೆಣ್ಣುಮಕ್ಕಳು, ಕಲಿಸುವವರು ನೀಲಾಬಾಯಿ. ಅವಳು ಕೊನೆಯ ಸಲ, “ನಾವು ಸುತ್ತಂಗಿಲ್ರಿ ಸಾಹೇಬ್ರ” ಎಂದಳು. “ಕಲಿಸಿ ಸಾಕು, ನೀವೇ ಸುತ್ತಬೇಕು ಅಂತಿಲ್ಲ,” ಎಂದು ಸಾಹೇಬರು ಜೀಪು ಹತ್ತಿದರು.

ಮಿಷನ್ನುಗಳು ಬಸ್ಸಿನ ಮೇಲೆ ಗೋಣಿ ಹೊದ್ದು ಬಂದವು. ಶಿವಶರಣಪ್ಪನೇ ಇಳಿಸಿ, ಎಣ್ಣೆ ಬಿಟ್ಟು, ಚಕ್ರಕ್ಕೆ ಪಟ್ಟಿ ಏರಿಸಿ, ಹೆಂಡತಿಗೆ ಸ್ಟೂಲು ಇಟ್ಟ. ನೀಲಾಬಾಯಿ ಕುಳಿತು ಕಾಲು ಆಡಿಸಿದಳು. ಅವನು ದಾರವನ್ನೇ ನೋಡುತ್ತ ನಿಂತ. ಒಂದು ಕುಬುಸದ ತೋಳು ಮುಗಿಯಿತು, ದಾರ ಕಡಿಯಲಿಲ್ಲ. ಎರಡನೆಯ ತೋಳು ಮುಗಿಯಿತು. ಅವನು ಆ ಕುಬುಸವನ್ನು ಬೆಳಕಿಗೆ ಹಿಡಿದು ಹೊಲಿಗೆಯನ್ನು ನೋಡಿ, “ನಮ್ಮಪ್ಪ ಸುಳ್ಳ ಹೇಳ್ಯಾನ ಬಿಡು,” ಎಂದ.

ಹನ್ನೆರಡು ಹೆಣ್ಣುಮಕ್ಕಳು ಬಂದ ದಿನ ನೀಲಾಬಾಯಿ ಅವರನ್ನು ಮೊದಲು ಹಿತ್ತಲಿಗೆ ಕರೆದೊಯ್ದಳು. ಗಿಡ ಕಂಡದ್ದೇ ಅರಕೇರಿಯ ಪರಸವ್ವ, “ಅಯ್ಯ, ಇವು ಗುಪ್ಪಟಿ ಅಲ್ಲೇನಬೇ?” ಎಂದಳು. ನೀಲಾಬಾಯಿ ನಡೆದದ್ದನ್ನೆಲ್ಲ ಹೇಳಿದಳು. ನಗು ತಡೆಯಲಾರದೆ ಹನ್ನೆರಡೂ ಜನ ಗಿಡಗಳ ನಡುವೆ ನೆಲಕ್ಕೆ ಕುಳಿತರು. ಎಲ್ಲರಿಗೂ ಒಂದೊಂದು ಹಿಡಿ ಹಣ್ಣು ಕೊಟ್ಟು ಅವಳು, “ಸುತ್ತೋದು ಕಲತಾತು. ಈಗ ಒಳಗ ಬರ್ರಿ, ಕತ್ತರಿ ಹಿಡಿಯೋದು ಕಲಿಸ್ತೇನಿ,” ಎಂದಳು. ಕುಬುಸ, ಲಂಗ, ದಿಂಬಿನ ಚೀಲ ಹೀಗೆ ವರ್ಷ ಕಳೆಯಿತು. ಆಡು ಅಟ್ಟಲು ಮಾತ್ರ ಎಲ್ಲರೂ ಸರದಿಯ ಮೇಲೆ ಗಿಡ ಸುತ್ತುತ್ತಿದ್ದರು. ಆದ್ದರಿಂದ ಹಣಮಂತರಾಯ ತಿಂಗಳ ವರದಿಯಲ್ಲಿ ‘ಎಲ್ಲರೂ ದಿನಾಲು ಸುತ್ತುತ್ತಾರೆ’ ಎಂದು ನಿರ್ಭಯವಾಗಿ ಬರೆಯುತ್ತಿದ್ದ.

ಮರುವರ್ಷ ಚನ್ನಕೇಶವಯ್ಯನವರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದ ಸಾಬಣ್ಣನವರು ಹೊನವಾಡದವರು, ಹೊಲದಲ್ಲಿ ಬೆಳೆದವರು. ಮುನ್ಸೂಚನೆ ಇಲ್ಲದೆ ತಪಾಸಣೆಗೆ ಬಂದು, ಯಾರನ್ನೂ ಕೇಳದೆ ನೇರ ಹಿತ್ತಲಿಗೆ ಹೋದರು. ಹಣಮಂತರಾಯ ಮನಸ್ಸಿನಲ್ಲೇ ರಾಜೀನಾಮೆ ಬರೆಯತೊಡಗಿದ.

ಸಾಬಣ್ಣನವರು ಒಂದು ಹಣ್ಣು ಕಿತ್ತು, ಹೊದಿಕೆಯನ್ನು ಹಣೆಗೆ ಪಟ್ ಎನ್ನಿಸಿ ಒಡೆದು, ಹಣ್ಣು ಬಾಯಿಗೆ ಹಾಕಿಕೊಂಡರು.

“ತಂಗೀ, ಇದು ಗುಪ್ಪಟಿ ಅಲ್ಲೇನವಾ?”

“ಗುಪ್ಪಟಿ ಬಳಗದ್ದ ಐತ್ರಿ ಯಣ್ಣಾ,” ಎಂದಳು ನೀಲಾಬಾಯಿ. “ದೊಡ್ಡ ಜಾತಿದು. ಪುಣೆದು. ರಸಭರಿ ಅಂತಾರ್ರಿ.”

“ರಸಭರಿ! ಖರೆ ಐತಿ, ಗುಪ್ಪಟಿಗಿಂತ ರುಚಿ ಬ್ಯಾರೆನ ಐತಿ,” ಎಂದು ಅವರು ಇನ್ನೆರಡು ಕಿತ್ತುಕೊಂಡರು. ಬಾಗಿಲಲ್ಲಿ ನಿಂತಿದ್ದ ಶಿವಶರಣಪ್ಪ ಶಂಕ್ರೆವ್ವನ ಕಡೆ ತಿರುಗಿ, “ಕೇಳಿದೇನ ಅತ್ತಿ?” ಎಂದ. ಶಂಕ್ರೆವ್ವ ಕೇಳಿಸಲಿಲ್ಲ ಎಂದಳು.

ಸಾಬಣ್ಣನವರು ಒಳಗೆ ಬಂದು ಗೋಡೆಯ ಮೇಲಿನ ‘ಹಣ್ಣು ಸುತ್ತುವ ತರಬೇತಿ ಕೇಂದ್ರ’ ಎಂಬ ಫಲಕ ನೋಡಿದರು. ಅದರ ಕೆಳಗೆ ಎರಡು ಮಿಷನ್ನುಗಳ ಮುಂದೆ ತಲೆತಗ್ಗಿಸಿ ಹೊಲಿಯುತ್ತಿದ್ದವರನ್ನೂ ನೋಡಿದರು. ಪರಸವ್ವ ಹೊಲಿದ ಒಂದು ಕುಬುಸವನ್ನು ತಿರುವಿ ಒಳಗಿನ ಹೊಲಿಗೆ ಪರೀಕ್ಷಿಸಿದರು. ಕುರ್ಚಿ ಎಳೆದುಕೊಂಡು, ಪೆನ್ನು ತೆಗೆದು, ಬಹಳ ಹೊತ್ತು ವಿಚಾರ ಮಾಡಿ, ತಪಾಸಣೆ ಪುಸ್ತಕದಲ್ಲಿ ಬರೆದರು:

“ಕೇಂದ್ರ ಉತ್ತಮವಾಗಿ ನಡೆಯುತ್ತಿದೆ. ಹಣ್ಣು ಸುತ್ತುವ ಕೆಲಸವನ್ನು ಸದ್ಯ ಗಿಡಗಳಿಗೇ ವಹಿಸಲಾಗಿದೆ. ಅವು ತೃಪ್ತಿಕರವಾಗಿ ಮಾಡುತ್ತಿವೆ. ಇನ್ನೂ ಎರಡು ಯಂತ್ರ ಕೊಡಬಹುದು.”